ಮುಂದಿನ ಥಿಂಕ್‌ಪ್ಯಾಡ್ ಟಿ14: ಬೆನ್ನು ಬಿಚ್ಚೋಕೆ ಬಂದರೆ ಸಾಕು

ಮೊದಲೇ ಹೇಳಿಬಿಡುತ್ತೇನೆ, ಇದು ಇನ್ನೂ ಅಂಗಡಿಗೆ ಬರದ ಲ್ಯಾಪ್‌ಟಾಪಿನ ಬಗ್ಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ. ಆದರೆ ಅದೇ ಮನೆಯ ಹಿಂದಿನ ಕೂಸುಗಳ ತಲೆ ಎಷ್ಟು ದಪ್ಪ ಇತ್ತು ಅಂತ ಗೊತ್ತಿದ್ದರೆ ಅಳತೆ ತೀರಾ ತಪ್ಪುವುದಿಲ್ಲ ಅಲ್ವಾ. ಲೆನೊವೊದವರ ಥಿಂಕ್‌ಪ್ಯಾಡ್ ಟಿ ಸರಣಿಯ ನಾಲ್ಕಾರು ಮಾಡೆಲ್‌ಗಳನ್ನು ನಾನು ಬಿಚ್ಚಿ ನೋಡಿದ್ದೇನೆ, ಮತ್ತೆ ಜೋಡಿಸಿದ್ದೇನೆ, ಒಂದೆರಡು ಸಲ ಕೊನೆಗೆ ಸ್ಕ್ರೂ ಮಿಕ್ಕಿದ್ದೂ ಇದೆ.

ಈಗ 2025ರ ಡಿಸೆಂಬರ್. ಟಿ14ರ ಐದನೇ ತಲೆಮಾರು 2024ರಲ್ಲಿ ಬಂತು, ಆರನೆಯದು 2025ರಲ್ಲಿ. ಎರಡೂ ವರ್ಷ ಬಾರ್ಸಿಲೋನಾದ ಮೊಬೈಲ್ ಮೇಳದ ಹೊತ್ತಿಗೆ ಟಿ ಸರಣಿಯ ಸುದ್ದಿ ಹೊರಬಿತ್ತು. ಅದೇ ಲೆಕ್ಕ ಹಿಡಿದರೆ ಏಳನೆಯದು ಮಾರ್ಚ್ ಆಸುಪಾಸಿಗೆ ಮುಖ ತೋರಿಸಬೇಕು.

ನಾನು ಶಿರಸಿಯಲ್ಲಿ ಕೂತು ಪುಸ್ತಕಗಳ ಪ್ರೂಫ್ ನೋಡುವವನು, ಪುಟ ಕಟ್ಟುವವನು. ದಿನಕ್ಕೆ ಎಂಟು ಗಂಟೆ ಕೀಬೋರ್ಡ್ ಕುಟ್ಟುತ್ತೇನೆ. ಹೊಸ ಟಿ14 ಕೊಳ್ಳುವ ಯೋಚನೆ ನನಗಿಲ್ಲ, ಅದು ಲಕ್ಷದ ಮಾತು. ಬೆಂಗಳೂರಿನ ಕಂಪನಿಗಳು ಮೂರ್ನಾಲ್ಕು ವರ್ಷ ದುಡಿಸಿ, ಲೀಸ್ ಮುಗಿದ ಮೇಲೆ ಬಿಟ್ಟುಕೊಟ್ಟದ್ದು ಎಸ್‌ಪಿ ರೋಡಿನ ಹಳೆ ಕಂಪ್ಯೂಟರ್ ಅಂಗಡಿಗಳಿಗೆ ಬರುತ್ತದಲ್ಲ, ಅದು ನನ್ನ ಪಾಲಿನದು. ಈಗ ಕೈಯಲ್ಲಿರುವ, ಅದೇ ಸರಣಿಯ ಹಳೆಯ ಟಿ480 ಹಾಗೇ ಬಂದದ್ದು. 2018ರ ಮಾಡೆಲ್, ನಾನು ಕೊಟ್ಟದ್ದು 22,000 ರೂಪಾಯಿ. ಈ ಲೆಕ್ಕದಲ್ಲಿ 2026ರಲ್ಲಿ ಹೊರಬರುವ ಟಿ14 ನನ್ನ ಮೇಜಿಗೆ ಬರುವುದು 2029ಕ್ಕೋ 2030ಕ್ಕೋ. ಹಾಗಾಗಿ ಮೊದಲ ದಿನದ ಹೊಳಪಿನ ಬಗ್ಗೆ ನನಗೆ ಅಷ್ಟಾಗಿ ತಲೆಬಿಸಿ ಇಲ್ಲ. ನಾಲ್ಕನೇ ವರ್ಷ ಅದರ ಬ್ಯಾಟರಿ ಮುಗಿದಾಗ, ಕೀ ಕಿತ್ತಾಗ, ನಾನೇ ಸ್ಕ್ರೂಡ್ರೈವರ್ ಹಿಡಿದು ಏನಾದರೂ ಮಾಡಬಹುದಾ ಅನ್ನುವುದು ನನ್ನ ಪ್ರಶ್ನೆ. ಮುಂದೆ ಹೇಳುವುದೆಲ್ಲ ಈ ಸೆಕೆಂಡ್ ಹ್ಯಾಂಡ್ ಕಣ್ಣಿನಿಂದಲೇ.

ಈ ಕಣ್ಣು ಸುಮ್ನೆ ಬರಲಿಲ್ಲ. ಟಿ480ಕ್ಕೆ ಮುಂಚೆ ಒಂದು ತೆಳ್ಳಗಿನ ಹೊಸ ಲ್ಯಾಪ್‌ಟಾಪ್ ಇತ್ತು, ಕಂಪನಿ ಹೆಸರು ಬೇಡ. ಎರಡು ವರ್ಷಕ್ಕೆ ಒಂದೇ ಒಂದು ಕೀ ಸತ್ತಿತು. ಹುಬ್ಬಳ್ಳಿಗೆ ತೆಗೆದುಕೊಂಡು ಹೋದರೆ, ಕೀಬೋರ್ಡ್ ಮೇಲಿನ ತಗಡಿಗೇ ಕೂರಿಸಿದೆ, ತಗಡಿಗೆ ಬ್ಯಾಟರಿ ಅಂಟಿಸಿದೆ, ಎಲ್ಲ ಒಟ್ಟಿಗೇ ಬದಲಿಸಬೇಕು, ಹದಿನಾಲ್ಕು ಸಾವಿರ ಆಗುತ್ತದೆ ಅಂದರು. ಒಂದು ಕೀಗೆ! ಹೆಂಚು ಒಂದು ಒಡೆದರೆ ಮಾಡನ್ನೇ ಇಳಿಸಿ ಅನ್ನುವ ಹಾಗೆ. ಆ ಯಂತ್ರ ಈಗಲೂ ಅಟ್ಟದ ಮೇಲಿದೆ.

ಮೊದಲು ಬ್ಯಾಟರಿ ವಿಷಯ. ಟಿ480ದಲ್ಲಿ ಎರಡು ಬ್ಯಾಟರಿ ಇವೆ. ಒಳಗೊಂದು ಪುಟ್ಟದು, 24 ವ್ಯಾಟ್ ಅವರ್ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ). ಬೆನ್ನ ಹಿಂದೆ ಸಿಕ್ಕಿಸುವುದು ಇನ್ನೊಂದು, ಅದರಲ್ಲಿ ದಪ್ಪನೆಯದು ತಗೊಂಡರೆ 72 ವ್ಯಾಟ್ ಅವರ್. ಮೊದಲು ಹಿಂದಿನದು ಖಾಲಿಯಾಗುತ್ತದೆ, ಆಮೇಲೆ ಒಳಗಿನದು ಶುರು. ಹಿಂದಿನದನ್ನು ಯಂತ್ರ ಓಡುತ್ತಿರುವಾಗಲೇ ಕಿತ್ತು ಬೇರೆಯದನ್ನು ಸಿಕ್ಕಿಸಬಹುದು. ಕಾಗದದ ಮೇಲೆ ಓದಿದರೆ ಇದೇನು ಮಹಾ ಅನಿಸುತ್ತದೆ.

ಹೋದ ಪುಷ್ಯ ಮಳೆಯಲ್ಲಿ ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟ್ ಇರಲಿಲ್ಲ. ಇನ್ವರ್ಟರ್ ಮೊದಲ ರಾತ್ರಿಗೇ ಕೂಗಿ ಕೂಗಿ ಸುಮ್ಮನಾಯಿತು. ಮಾರನೇ ದಿನ ಬೆಳಗ್ಗೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕು, ಇನ್ನೂ ನಲವತ್ತು ಪುಟ ಬಾಕಿ. ಬ್ಯಾಟರಿ ಕೆಂಪಿಗೆ ಬಂತು. ಲ್ಯಾಪ್‌ಟಾಪ್ ಸ್ವಲ್ಪ ಓರೆ ಮಾಡಿ, ಕತ್ತಲಲ್ಲೇ ತಡವಿ, ಎಡಗಡೆ ಬೀಗ ಸರಿಸಿದೆ, ಅದು ಅಲ್ಲೇ ನಿಲ್ಲುತ್ತದೆ. ಇನ್ನೊಂದು ಬೀಗಕ್ಕೆ ಸ್ಪ್ರಿಂಗ್ ಇದೆ, ಬೆರಳಲ್ಲಿ ಹಿಡಿದೇ ಇರಬೇಕು. ಹಿಡಿದು ಎಳೆದರೆ ಬ್ಯಾಟರಿ ಕೈಗೆ ಬಂತು. ತುಂಬಿಸಿಟ್ಟಿದ್ದ ಇನ್ನೊಂದನ್ನು ತಳ್ಳಿದೆ, ಟಕ್ ಅಂತು. ಪರದೆ ಕಣ್ಣು ಕೂಡ ಮಿಟುಕಿಸಲಿಲ್ಲ. ಕರ್ಸರ್ ನಾನು ಬಿಟ್ಟ ಅಕ್ಷರದ ಪಕ್ಕದಲ್ಲೇ ಮಿಣಮಿಣ ಅನ್ನುತ್ತಿತ್ತು. ಹೆಂಡತಿ ಮೊಂಬತ್ತಿ ಹಿಡಿದು ಬಂದವಳು, "ಏನ್ರೀ, ಬಂದೂಕಿಗೆ ಗುಂಡು ತುಂಬಿದ ಹಾಗೆ ತುಂಬ್ತೀರಲ್ಲ" ಅಂದಳು.

ಈ ಸೌಕರ್ಯ 2018ಕ್ಕೇ ಮುಗಿಯಿತು. 2019ರ ಟಿ490ದಲ್ಲಿ ಹಿಂದಿನ ಬ್ಯಾಟರಿ ಇಲ್ಲ, ಒಳಗೆ ಒಂದೇ, ಐವತ್ತು ವ್ಯಾಟ್ ಅವರ್‌ನದು. ತೆಳ್ಳಗಾಯಿತು, ಹಗುರಾಯಿತು, ಸರಿ. ಟಿ480ಕ್ಕೆ ಇವತ್ತೂ ಜನ ಮುಗಿಬೀಳುವುದು ಇದೇ ಕಾರಣಕ್ಕೆ.

ಹಾಗಾದರೆ ಏಳನೇ ಟಿ14ದಲ್ಲಿ ಬೀಗ ಸರಿಸಿ ತೆಗೆಯುವ ಬ್ಯಾಟರಿ ಮತ್ತೆ ಬರುತ್ತದಾ? ನನ್ನ ಆಸೆ ಕೇಳಿದರೆ ಬರಬೇಕು. ಊಹೆ ಕೇಳಿದರೆ ಬರುವುದಿಲ್ಲ. ಆದರೆ ನಡುವಿನ ದಾರಿ ಒಂದು ಬಂದೇ ಬರುತ್ತದೆ, ಅದಕ್ಕೆ ಯಾರೋ ಕದ್ದು ತೆಗೆದ ಫೋಟೋ ನೋಡಬೇಕಿಲ್ಲ, ಯುರೋಪಿನ ಕಾಯ್ದೆ ನೋಡಿದರೆ ಸಾಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ಬ್ಯಾಟರಿಗಳ ಬಗ್ಗೆ ಹೊಸ ನಿಯಮ ತಂದಿತು. ಅದರ ಪ್ರಕಾರ 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರಾಟಕ್ಕೆ ಬರುವ ಇಂಥ ಸಾಮಾನುಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬೇರೆ ಹಾಕುವ ಹಾಗಿರಬೇಕು, ಅದೂ ಪೇಟೆಯಲ್ಲಿ ಸಿಗುವ ಮಾಮೂಲಿ ಉಪಕರಣ ಹಿಡಿದು. ಕಾಸಿ ಬಿಡಿಸುವ ಅಂಟು ಗಿಂಟು ನಡೆಯುವುದಿಲ್ಲ. 2026ರಲ್ಲಿ ಬರುವ ಟಿ14 2027ರಲ್ಲೂ ಅಂಗಡಿಯಲ್ಲಿ ಇರುತ್ತದೆ. ಒಂದೇ ವರ್ಷಕ್ಕೆ ಎರಡು ಥರ ಅಚ್ಚು ಯಾರು ಮಾಡಿಸುತ್ತಾರೆ?

ನಿಯಮದಲ್ಲಿ ಬೀಗದ ಮಾತಿಲ್ಲ, ಸ್ಕ್ರೂ ಇದ್ದರೂ ನಡೆಯುತ್ತದೆ. ಹಾಗಾಗಿ ಪ್ಲಸ್ ಸ್ಕ್ರೂಡ್ರೈವರಿನಲ್ಲಿ ಮುಚ್ಚಳ ತೆಗೆದು, ನಾಲ್ಕಾರು ಸ್ಕ್ರೂ ಬಿಚ್ಚಿ, ಬ್ಯಾಟರಿ ಎತ್ತುವುದು, ಅಷ್ಟೇ. ಅದು ಹೆಚ್ಚುಕಡಿಮೆ ಈಗಲೇ ಇದೆ. 2024ರ ಐದನೇ ತಲೆಮಾರನ್ನು ಮಾಡುವಾಗ ಲೆನೊವೊ ರಿಪೇರಿ ಕೈಪಿಡಿಗಳಿಗೆ ಹೆಸರಾದ ಐಫಿಕ್ಸಿಟ್ ಕಂಪನಿಯವರನ್ನೇ ಕೂರಿಸಿಕೊಂಡು ಮಾಡಿತು, ಅವರು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಬೇರೆ ಕಂಪನಿಗಳ ಎಷ್ಟೋ ಲ್ಯಾಪ್‌ಟಾಪ್‌ಗಳು ಇದಕ್ಕಿಂತ ಕಡಿಮೆ ಅಂಕಕ್ಕೆ ಒದ್ದಾಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಇಷ್ಟು ಹೊಗಳಿಸಿಕೊಂಡ ಮೇಲೆ ಏಳನೆಯದರಲ್ಲಿ ಹಿಂದೆ ಸರಿದರೆ ನಗೆಪಾಟಲು. ಒಂದು ಅಂಕ ಇನ್ನೂ ಬಾಕಿ ಇದೆ, ಅದಕ್ಕೆ ಕೈಹಾಕಿದರೂ ಹಾಕಿಯಾರು.

ನನಗೆ ಆ ಬಾಕಿ ಅಂಕ ಯುಎಸ್‌ಬಿ-ಸಿ ಕಿಂಡಿಗೆ ಹೋಗಬೇಕು. ಈಗಿನ ಲ್ಯಾಪ್‌ಟಾಪ್‌ಗಳಿಗೆ ಚಾರ್ಜು ಹೋಗುವುದೂ ಅದರಿಂದಲೇ, ಎಲ್ಲದಕ್ಕೂ ಅದೇ. ದಿನಕ್ಕೆ ಹತ್ತು ಸಲ ಚುಚ್ಚಿ ಕಿತ್ತು ಮಾಡುತ್ತೇವೆ, ಮಕ್ಕಳು ವಯರ್ ಎಡವುತ್ತಾರೆ. ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಕಿಂಡಿ ಸಡಿಲಾದರೆ ಮುಗಿಯಿತು ಕಥೆ. ಅದನ್ನು ಪುಟ್ಟ ಬೇರೆ ಬೋರ್ಡಿನ ಮೇಲೆ ಕೂರಿಸಿದರೆ ಎಸ್‌ಪಿ ರೋಡಿನ ಹುಡುಗ ಹತ್ತು ನಿಮಿಷದಲ್ಲಿ ಬದಲಿಸಿ ಕೊಡುತ್ತಾನೆ. ಯುರೋಪಿನಲ್ಲಿ 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪಿಗೂ ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯ. ಥಿಂಕ್‌ಪ್ಯಾಡ್‌ಗೆ ಅದೇನೂ ಹೊಸತಲ್ಲ, ಟಿ480ವೇ ಹಾಗಿದೆ. ಆದರೆ ಒಂದೇ ಕಿಂಡಿಯ ಮೇಲೆ ಇಷ್ಟು ಭಾರ ಹೊರಿಸಿದ ಮೇಲೆ ಆ ಕಿಂಡಿ ಸುಲಭಕ್ಕೆ ಬದಲಿಸುವ ಹಾಗಿರಬೇಕು. ಊಹೆ: ಬರಬಹುದು, ಆದರೆ ಪಣ ಕಟ್ಟುವಷ್ಟು ಧೈರ್ಯ ಇಲ್ಲ.

ಮುಚ್ಚಳದ ಮಾತು ಬಂತಲ್ಲ, ಮಲೆನಾಡಿನವರಿಗೆ ಒಂದು ವಿಷಯ ಗೊತ್ತಿರುತ್ತದೆ. ಲ್ಯಾಪ್‌ಟಾಪಿನೊಳಗೆ ಇರುವೆ ಮನೆ ಮಾಡುತ್ತವೆ. ಮಳೆಗಾಲದಲ್ಲಿ ಊರೆಲ್ಲ ಒದ್ದೆ, ಅಲ್ಲೊಂದೇ ಬೆಚ್ಚಗೆ. ಒಮ್ಮೆ ನಮ್ಮ ಮನೆಯದನ್ನು ಬಿಚ್ಚಿದರೆ ಫ್ಯಾನಿನ ಪಕ್ಕ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಮೊಟ್ಟೆ. ಬಣ್ಣ ಬಳಿಯುವ ಬ್ರಷ್ ತಂದು ಗುಡಿಸಿದೆ. ಟಿ480ದ ಮುಚ್ಚಳದ ಸ್ಕ್ರೂ ಬಿಚ್ಚಿದರೂ ಕೆಳಗೆ ಬೀಳುವುದಿಲ್ಲ, ಮುಚ್ಚಳದಲ್ಲೇ ಉಳಿಯುತ್ತವೆ. ಇದು ಬರೀ ಸಣ್ಣ ವಿಷಯ ಅಂದುಕೊಳ್ಳಬೇಡಿ, ಮಂಚದ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಸ್ಕ್ರೂ ಹುಡುಕಿದವರನ್ನು ಕೇಳಿ.

ಇನ್ನು ರ್‍ಯಾಮ್. ಅಂದರೆ ಮೆಮೊರಿ. ಈ ಸಲದ ನಿಜವಾದ ಜಗಳ ಇಲ್ಲಿದೆ ಅಂತ ನನಗನಿಸುತ್ತದೆ. ಟಿ480ದಲ್ಲಿ ಎರಡು ಸ್ಲಾಟ್. ನಾನು ಕೊಂಡಾಗ 8 ಜಿಬಿ ಇತ್ತು, ಆರು ತಿಂಗಳು ಬಿಟ್ಟು 16 ಮಾಡಿದೆ, ಆಮೇಲೆ 32. ಟಿ490ದಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟ್ ಮಾಡಿದರು. 2024ರ ಐದನೇ ಟಿ14ದಲ್ಲಿ ಮತ್ತೆ ಎರಡೂ ಸ್ಲಾಟ್ ಬಂದವು. ಹೀಗೆ ಹೋಗುವುದು ಬರುವುದು ನಡೆದೇ ಇದೆ.

ಏಳನೆಯದರಲ್ಲಿ ಏನಾಗಬಹುದು? ಎರಡು ಕಡೆಯಿಂದ ಎಳೆದಾಟ ಇದೆ. 2024ರಲ್ಲಿ ಬಂದ ಇಂಟೆಲ್‌ನ ಲೂನಾರ್ ಲೇಕ್ ಪ್ರೊಸೆಸರ್‌ನಲ್ಲಿ ಮೆಮೊರಿ ಪ್ರೊಸೆಸರಿನ ಜೊತೆಗೇ ಒಂದೇ ತಟ್ಟೆಯಲ್ಲಿ ಕೂತಿತ್ತು, 16 ಜಿಬಿ ಇಲ್ಲ 32 ಜಿಬಿ. ತಗೊಂಡಷ್ಟೇ ಕೊನೆತನಕ. ಬ್ಯಾಟರಿ ಚೆನ್ನಾಗಿ ಬರುತ್ತಿತ್ತು, ಒಪ್ಪೋಣ. ಆದರೆ ಹೀಗೆ ಮತ್ತೆ ಮಾಡುವುದಿಲ್ಲ ಅಂತ ಇಂಟೆಲ್‌ನವರೇ ಆಮೇಲೆ ಹೇಳಿದರು. ಮುಂದಿನ ಪ್ಯಾಂಥರ್ ಲೇಕ್‌ನಲ್ಲಿ ಮೆಮೊರಿ ಮತ್ತೆ ಹೊರಗೆ ಬರುತ್ತದೆ. ಅಂದರೆ ಸ್ಲಾಟ್ ಇಡಲು ಲೆನೊವೊಗೆ ಅಡ್ಡಿಯಿಲ್ಲ.

ಇನ್ನೊಂದು ಕಡೆ ರೇಟು. ರ್‍ಯಾಮ್ ರೇಟು ಈ ವರ್ಷದ ಕೊನೆಗೆ ಹೇಗೆ ಏರಿದೆ ಅಂತ ಎಸ್‌ಪಿ ರೋಡಿಗೆ ಫೋನ್ ಮಾಡಿದರೆ ಗೊತ್ತಾಗುತ್ತದೆ. ಎಐ ಡೇಟಾ ಸೆಂಟರ್‌ಗಳು ಸಿಕ್ಕಿದ್ದೆಲ್ಲ ಬಾಚಿಕೊಳ್ಳುತ್ತಿವೆ, ಮೆಮೊರಿ ಕಂಪನಿಗಳು ಅವರ ಹಿಂದೆ ಓಡುತ್ತಿವೆ. ಮೈಕ್ರಾನ್‌ನವರು ಇದೇ ತಿಂಗಳು, ನಮ್ಮಂಥವರಿಗೆ ಬಿಡಿಯಾಗಿ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂದರು. ನನ್ನ ಟಿ480ದಲ್ಲಿ ಇರುವುದೂ ಕ್ರೂಶಿಯಲ್ಲೇ! ಅಡಿಕೆ ರೇಟು ಏರಿದಾಗ ಖುಷಿಪಡುವ ಊರಲ್ಲಿ ಕೂತು ಮೆಮೊರಿ ರೇಟಿಗೆ ಅಳುವ ಕಾಲ ಬಂತು.

ಹಾಗಾಗಿ ಹೊಸ ಟಿ14ರ ಬೆಲೆ ಏರುವುದು ಖಾತ್ರಿ ಅಂತ ನನ್ನ ಲೆಕ್ಕ. ಬೆಲೆ ತಡೆಯಲು ಶುರುವಿನ ಮಾಡೆಲ್‌ನಲ್ಲಿ 8 ಜಿಬಿ ಕೊಡೋಣ ಅಂದರೆ ಮೈಕ್ರೋಸಾಫ್ಟ್ ಬಿಡುವುದಿಲ್ಲ. ಕೋಪೈಲಟ್ ಪ್ಲಸ್ ಅನ್ನುವ, ಅವರ ಎಐ ಲ್ಯಾಪ್‌ಟಾಪಿನ ಪಟ್ಟಿ ಅಂಟಿಸಬೇಕಾದರೆ ಕಡಿಮೆ ಅಂದರೂ 16 ಜಿಬಿ ಬೇಕು. ನನ್ನ ಊಹೆ, 16 ಜಿಬಿಯ ಒಂದೇ ಕಡ್ಡಿ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಟ್ಟು ಮಾರುತ್ತಾರೆ. ನನ್ನಂಥ ಸೆಕೆಂಡ್ ಹ್ಯಾಂಡ್ ಗಿರಾಕಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. 2029ಕ್ಕೆ ರೇಟು ಇಳಿದಿರುತ್ತದೆ, ಖಾಲಿ ಜಾಗ ನನ್ನ ದಾರಿ ಕಾಯುತ್ತಿರುತ್ತದೆ.

ಸ್ಕ್ರೂ ಹಾಕಿ ಕೂರಿಸುವ ಎಲ್‌ಪಿಕ್ಯಾಮ್2 ಅನ್ನುವ ಹೊಸ ಥರದ ಮೆಮೊರಿ ಇದೆ, ಚಪ್ಪಟೆ, ಕರೆಂಟು ಕಡಿಮೆ ತಿನ್ನುತ್ತದೆ, ಬೇಕೆಂದಾಗ ಬದಲಿಸಬಹುದು. 2024ರಲ್ಲಿ ಥಿಂಕ್‌ಪ್ಯಾಡ್ ಪಿ1ರಲ್ಲಿ ಮೊದಲು ಹಾಕಿದರು. ಅದು ಟಿ14ಕ್ಕೆ ಬಂದರೆ ಖುಷಿಯೇ, ಆದರೆ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುವ ತನಕ ನನಗೆ ಹಳೆಯ ಕಡ್ಡಿಯೇ ಚೆಂದ.

ಪ್ರೊಸೆಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಇಂಟೆಲ್, ಒಂದು ಎಎಮ್‌ಡಿ ಖಂಡಿತ ಇರುತ್ತದೆ. ಪ್ಯಾಂಥರ್ ಲೇಕ್ ಇಂಟೆಲ್‌ನ 18ಎ ಅನ್ನುವ ಹೊಸ ವಿಧಾನದಲ್ಲಿ ತಯಾರಾಗುತ್ತದೆ, ಜನವರಿಯಿಂದ ಪೇಟೆಗೆ ಬರುತ್ತದೆ ಅಂದಿದ್ದಾರೆ. ಎಐ ಲೆಕ್ಕ ಮಾಡಲು ಒಳಗೆ ಬೇರೆಯೇ ಭಾಗ ಇರುತ್ತದೆ, ಅದರ ದೊಡ್ಡ ದೊಡ್ಡ ಅಂಕಿಗಳನ್ನು ಡಬ್ಬಿಯ ಮೇಲೆ ಹಾಕುತ್ತಾರೆ. ನನ್ನ ಕೆಲಸಕ್ಕೆ ಅದರ ಉಪಯೋಗ ಇವತ್ತಿನ ತನಕ ಸೊನ್ನೆ. ಕನ್ನಡದ ಒತ್ತಕ್ಷರ ತಪ್ಪಿದ್ದನ್ನು ಹಿಡಿದುಕೊಟ್ಟರೆ ಆ ದಿನ ಮಾತಾಡೋಣ.

ಕೀಬೋರ್ಡಿಗೆ ಬಂದೆ. ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ, ಕ್ಷಮಿಸಿ.

ಥಿಂಕ್‌ಪ್ಯಾಡ್ ಅಂದರೆ ಜಿ, ಹೆಚ್, ಬಿ ಕೀಗಳ ನಡುವೆ ಇರುವ ಕೆಂಪು ಚುಕ್ಕಿ. ನನ್ನ ಮಗಳು ಸಣ್ಣವಳಿದ್ದಾಗ, "ಅಪ್ಪಾ, ಕಂಪ್ಯೂಟರಿಗೆ ಕುಂಕುಮ ಇಟ್ಟಿದ್ದು ಯಾರು?" ಅಂತ ಕೇಳಿದ್ದಳು. ಅದನ್ನು ಬೆರಳ ತುದಿಯಿಂದ ಸ್ವಲ್ಪ ಒತ್ತಿದರೆ ಬಾಣ ಆ ಕಡೆ ಓಡುತ್ತದೆ, ಕೈ ಕೀಬೋರ್ಡ್ ಬಿಟ್ಟು ಏಳಬೇಕಿಲ್ಲ. ಇದನ್ನು ಐಬಿಎಮ್‌ನಲ್ಲಿ ಟೆಡ್ ಸೆಲ್ಕರ್ ರೂಪಿಸಿದರು, 1992ರ ಮೊದಲ 700ಸಿ ಥಿಂಕ್‌ಪ್ಯಾಡ್‌ನಲ್ಲಿಯೇ ಬಂತು. ಆ ಕರಿ ಡಬ್ಬಿಯ ರೂಪ ರಿಚರ್ಡ್ ಸ್ಯಾಪರ್ ಅವರದು, ಜಪಾನಿನವರ ಬೆಂಟೋ ಊಟದ ಡಬ್ಬಿ ನೋಡಿ ಹೊಳೆದದ್ದು. ಐಬಿಎಮ್‌ನಲ್ಲಿ ಕೆಂಪು ಬಣ್ಣ ತುರ್ತಾಗಿ ಆರಿಸುವ ಸ್ವಿಚ್ಚುಗಳಿಗೆ ಮಾತ್ರ ಅಂತ ನಿಯಮ ಇತ್ತಂತೆ, ಅದಕ್ಕೆ ಇದು ಕೆಂಪಲ್ಲ, ಮಜೆಂಟಾ ಅಂತ ಕಾಗದದಲ್ಲಿ ಬರೆದು ದಾಟಿಸಿದರಂತೆ. ಸರ್ಕಾರಿ ಫೈಲು ದಾಟಿಸುವವರಿಗೆ ಈ ಕಥೆ ಇಷ್ಟವಾಗುತ್ತದೆ.

ಪ್ರೂಫ್ ನೋಡುವವನಿಗೆ ಈ ಚುಕ್ಕಿ ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ. ಪುಟದಲ್ಲಿ ಮೂವತ್ತು ಕಡೆ ತಪ್ಪು ಇರುತ್ತದೆ. ಅಲ್ಲಿಗೆ ಹೋಗು, ಒಂದಕ್ಷರ ತಿದ್ದು, ಮುಂದಿನದಕ್ಕೆ ಹೋಗು. ಪ್ರತಿ ಸಲ ಕೈ ಮೌಸಿಗೆ ಹೋಗಿ ಬಂದರೆ ಸಂಜೆಗೆ ಭುಜ ಹಿಡಿಯುತ್ತದೆ. ನನಗೆ ಹಿಡಿದಿತ್ತು. ಈಗ ಇಲ್ಲ.

ಈ ಚುಕ್ಕಿ ಉಳಿಯುತ್ತದಾ ಅನ್ನುವುದು ಕೇಳಬೇಕಾದ ಪ್ರಶ್ನೆ. 2025ರ ಶುರುವಿನಲ್ಲಿ ಬಂದ ಎಕ್ಸ್9 ಅನ್ನುವ ಥಿಂಕ್‌ಪ್ಯಾಡ್‌ನಲ್ಲಿ ಅದು ಇಲ್ಲ. ಕುಂಕುಮ ಅಳಿಸಿಬಿಟ್ಟರು. ಆದರೆ ಟಿ ಸರಣಿ ಮುಟ್ಟುವುದಿಲ್ಲ ಅಂತ ನನಗೆ ನಂಬಿಕೆ. ಯಾಕೆಂದರೆ ಒಮ್ಮೆ ಮುಟ್ಟಿ ಕೈ ಸುಟ್ಟುಕೊಂಡಿದ್ದಾರೆ. 2013ರಲ್ಲಿ ಟಿ440 ಬಂದಾಗ ಚುಕ್ಕಿಯ ಕೆಳಗಿದ್ದ ಮೂರು ಬಟನ್ ತೆಗೆದು, ಇಡೀ ಟಚ್‌ಪ್ಯಾಡನ್ನೇ ಒತ್ತಿ ಅಂದರು. ಬಳಸುವವರು ಬೈದ ಬೈಗುಳಕ್ಕೆ 2015ರ ಟಿ450ದಲ್ಲಿ ಬಟನ್‌ಗಳು ವಾಪಸ್ ಬಂದವು. 2012ರಲ್ಲಿ ಏಳು ಸಾಲಿನ ಹಳೆಯ ಕೀಬೋರ್ಡ್ ಕಿತ್ತು ಆರು ಸಾಲು ಮಾಡಿದ್ದನ್ನು ಮಾತ್ರ ಜನ ಎಷ್ಟೇ ಗೋಗರೆದರೂ ಬದಲಿಸಲಿಲ್ಲ. 2017ರಲ್ಲಿ ಇಪ್ಪತ್ತೈದನೇ ವರ್ಷದ ನೆನಪಿಗೆ ಅಂತ ಒಂದೇ ಒಂದು ಮಾಡೆಲ್‌ನಲ್ಲಿ ಏಳು ಸಾಲು ಕೊಟ್ಟು, ಹಬ್ಬಕ್ಕೆ ಹೋಳಿಗೆ ಬಡಿಸಿದ ಹಾಗೆ ಬಡಿಸಿ ಮುಗಿಸಿದರು. ಹಾಗಾಗಿ ಏಳು ಸಾಲು ಮರಳಿ ಬರುವುದಿಲ್ಲ, ಬಟನ್ ಇರುತ್ತದೆ, ಚುಕ್ಕಿ ಇರುತ್ತದೆ. ಇದು ನನ್ನ ಪಟ್ಟಿಯಲ್ಲಿ ತುಂಬಾ ಗಟ್ಟಿಯಾದ ಊಹೆ.

ಕೀ ಒತ್ತಿದಾಗ ಎಷ್ಟು ಆಳ ಹೋಗುತ್ತದೆ ಅನ್ನುವುದು ಮಾತ್ರ ಕಡಿಮೆಯಾಗುತ್ತಾ ಬಂದಿದೆ. ಟಿ480ದಲ್ಲಿ 1.8 ಮಿ.ಮೀ. ಆಸುಪಾಸು, ಹೊಸ ಟಿ14ಗಳಲ್ಲಿ 1.5. ಕೂದಲೆಳೆಯಷ್ಟು ವ್ಯತ್ಯಾಸ ಅಂತ ನಗಬೇಡಿ, ದಿನವಿಡೀ ಕುಟ್ಟುವ ಬೆರಳಿಗೆ ಸಂಜೆ ಐದಕ್ಕೆ ಗೊತ್ತಾಗುತ್ತದೆ. ಇದಕ್ಕಿಂತ ಇಳಿಸದಿದ್ದರೆ ಸಾಕು. 2024ರಲ್ಲಿ ಎಡಮೂಲೆಯ ಎಫ್‌ಎನ್ ಮತ್ತು ಕಂಟ್ರೋಲ್ ಕೀ ಅದಲುಬದಲು ಮಾಡಿದರು, ಬೇರೆ ಎಲ್ಲ ಕಂಪನಿಗಳ ಹಾಗೆ ಕಂಟ್ರೋಲ್ ಮೂಲೆಗೆ ಬಂತು. ನನ್ನ ಕಿರುಬೆರಳು ಹಳೆಯದಕ್ಕೇ ಒಗ್ಗಿದೆ, ಹೊಸದರ ಮುಂದೆ ಕೂತಾಗೆಲ್ಲ ಕಾಪಿ ಮಾಡಲು ಹೋಗಿ ಏನೇನೋ ಆಗುತ್ತದೆ. ಆದರೂ ಅವರು ಮಾಡಿದ್ದು ಸರಿಯೇ, ಒಪ್ಪಬೇಕು. ಮೈಕ್ರೋಸಾಫ್ಟ್‌ನ ಎಐ ಸಹಾಯಕನನ್ನು ಕರೆಯುವ ಕೋಪೈಲಟ್ ಕೀ ಮಾತ್ರ ಯಾಕೆ ಬೇಕಿತ್ತೋ. ಕೆಳಸಾಲಿನಲ್ಲಿ ಬಲಗಡೆ ಸುಮ್ನೆ ಜಾಗ ತಿನ್ನುತ್ತಿದೆ, ಅದು ಇನ್ನು ಹೋಗುವ ಲಕ್ಷಣವೂ ಇಲ್ಲ.

ಕನ್ನಡಕ್ಕೆ ಬರೋಣ. ನಾನು ಬಳಸುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವುದು. ಅದರಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ನಮ್ಮ ಭಾಷೆಯಲ್ಲಿ ಒತ್ತಿಲ್ಲದ ಸಾಲು ಎಲ್ಲಿದೆ? ಇಂಗ್ಲಿಷಿನವರಿಗೆ ಇ ಕೀ ಮೊದಲು ಸವೆಯುತ್ತದಂತೆ. ನನ್ನ ಟಿ480ದಲ್ಲಿ ಎಫ್ ಅಕ್ಷರವೇ ಅಳಿಸಿಹೋಗಿ ಬೋಳಾಗಿದೆ, ದೀಪದ ಬೆಳಕಿಗೆ ಹಿಡಿದರೆ ಕನ್ನಡಿ ಥರ ಹೊಳೆಯುತ್ತದೆ, ಬೆರಳಿಗೆ ಗುರುತು ಸಿಗಲಿ ಅಂತ ಅದರ ಮೇಲೆ ಇರುವ ಸಣ್ಣ ಗೆರೆಯೂ ಅರ್ಧ ಹೋಗಿದೆ. ಎರಡು ಸ್ಕ್ರೂ ಬಿಚ್ಚಿ ಕೀಬೋರ್ಡನ್ನು ಸರಿಸಿದರೆ ಮೇಲೆ ಬರುತ್ತದೆ, ಬೇಕಾದರೆ ನಾಳೆಯೇ ಬದಲಿಸಬಹುದು. ಬದಲಿಸಿಲ್ಲ. ದುಡಿದ ಗುರುತು ಇರಲಿ ಅಂತ.

ಥಿಂಕ್‌ಪ್ಯಾಡ್ ಕೀಬೋರ್ಡು ಅರಬ್ಬಿ, ಹೀಬ್ರೂ, ಥಾಯ್ ಅಕ್ಷರ ಅಚ್ಚಾಗಿ ಸಿಗುತ್ತದೆ. ಕನ್ನಡ ಅಕ್ಷರದ್ದು ಬರಲಿ ಅನ್ನುವುದು ಈ ಪಟ್ಟಿಯಲ್ಲಿ ನನ್ನ ತೀರಾ ದುರಾಸೆಯ ಆಸೆ. ಬರುವುದಿಲ್ಲ, ಬಿಡಿ. ನನಗೆ ಬೇಕಾಗಿಯೂ ಇಲ್ಲ, ಬೆರಳಿಗೇ ಗೊತ್ತಿದೆ. ಆದರೆ ನಮ್ಮ ಪ್ರೆಸ್ಸಿಗೆ ಹೊಸದಾಗಿ ಕಲಿಯಲು ಬರುವ ಹುಡುಗಿಯರು ಕೀಗಳ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು, ಅದು ಬೆವರಿಗೆ ಜಾರಿ, ಟಕಾರದ ಜಾಗಕ್ಕೆ ಡಕಾರ ಬಂದು ಕೂತಿರುವುದನ್ನು ನೋಡಿದಾಗ ಅನಿಸುತ್ತದೆ. ಅಂದಹಾಗೆ ಲಿನಕ್ಸ್ ಹಾಕಿಕೊಂಡವರಿಗೆ ಇದೇ ಥರದ ಕಗಪ ವಿನ್ಯಾಸ ಮೊದಲೇ ಒಳಗಿರುತ್ತದೆ, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ.

ಕೀಬೋರ್ಡಿನ ಮೇಲೆ ಬಿದ್ದ ನೀರು ಕೆಳಗೆ ಹರಿದುಹೋಗಲು ತಳದಲ್ಲಿ ತೂತು ಇರುತ್ತದೆ. ನಮ್ಮನೆಯಲ್ಲಿ ನೀರಲ್ಲ, ಕಷಾಯ. ಹಾಲು ಬೆಲ್ಲ ಹಾಕಿದ್ದು. ಅರ್ಧ ಲೋಟ ಚೆಲ್ಲಿತು, ಮಗುಚಿ ಹಾಕಿ ಒಣಗಿಸಿದೆ, ಬದುಕಿತು. ಎರಡು ವಾರ ಜೀರಿಗೆ ಕೊತ್ತಂಬರಿ ಪರಿಮಳ ಬರುತ್ತಿತ್ತು. ಹೊಸದರಲ್ಲೂ ಈ ವ್ಯವಸ್ಥೆ ಇರಲಿ ಸ್ವಾಮಿ.

ಪರದೆ ಬಗ್ಗೆ ಎರಡೇ ಮಾತು. 2022ರಿಂದ ಟಿ14ಕ್ಕೆ ಸ್ವಲ್ಪ ಎತ್ತರದ, 16ಕ್ಕೆ 10ರ ಪರದೆ ಬಂದಿದೆ. ಪುಟ ಕಟ್ಟುವವರಿಗೆ ಇದು ವರ, ಎರಡು ಮೂರು ಸಾಲು ಜಾಸ್ತಿ ಕಾಣುತ್ತದೆ. ಟಿ480 ಈ ವಿಷಯದಲ್ಲಿ ಸೋಲುತ್ತದೆ, ಅದರ ಬೆಳಕೂ 250 ನಿಟ್ಸ್ ಅಷ್ಟೇ, ಜಗುಲಿಯಲ್ಲಿ ಕೂತರೆ ಅಕ್ಷರಕ್ಕಿಂತ ನನ್ನ ಮುಖವೇ ಜಾಸ್ತಿ ಕಾಣುತ್ತದೆ. ಏಳನೆಯದರಲ್ಲಿ ಓಎಲ್‌ಇಡಿ ಆಯ್ಕೆಗೆ ಇರಬಹುದು. ನೋಡಲು ಚೆಂದ, ನನಗೆ ಬೇಡ. ದಿನವಿಡೀ ಅದೇ ಬಿಳಿ ಪುಟ, ಅದೇ ಮೆನು, ಕೊನೆಗೆ ಅದರ ನೆರಳು ಪರದೆಯಲ್ಲೇ ಉಳಿದುಬಿಟ್ಟರೆ? ನಾಲ್ಕು ವರ್ಷ ಒಬ್ಬರು ಎಕ್ಸೆಲ್ ನೋಡಿದ ಓಎಲ್‌ಇಡಿ ಸೆಕೆಂಡ್ ಹ್ಯಾಂಡಾಗಿ ಬಂದರೆ ಅವರ ಕೋಷ್ಟಕದ ಗೆರೆಗಳ ಮೇಲೆ ನಾನು ಕಾದಂಬರಿ ತಿದ್ದಬೇಕಾದೀತು.

ನೆಟ್‌ವರ್ಕ್ ವಯರ್ ಚುಚ್ಚುವ ಕಿಂಡಿ ಇರುತ್ತದೆ, ಆಫೀಸಿನವರು ಬಿಡುವುದಿಲ್ಲ. ಕ್ಯಾಮೆರಾದ ಎಸ್‌ಡಿ ಕಾರ್ಡ್ ಹಾಕುವ ಜಾಗ ಟಿ480ದಲ್ಲಿದೆ, ಅದಿನ್ನು ಬರುವುದಿಲ್ಲ.

ಮೊನ್ನೆ ಎಸ್‌ಪಿ ರೋಡಿನ ನನ್ನ ಖಾಯಂ ಅಂಗಡಿಗೆ ಫೋನ್ ಮಾಡಿದ್ದೆ. "ಹೊಸ ಟಿ14 ಬರ್ತದಂತಲ್ಲ ತಮ್ಮಾ, ಏನಾದ್ರೂ ಸುದ್ದಿ ಉಂಟಾ?" ಅಂದೆ. ಅವನು ನಕ್ಕ. "ಸಾರ್, ನಮ್ಗೆ ಹೊಸದು ಅಂದ್ರೆ 2021ರದ್ದು. ಐದನೇ ಜೆನ್ ಬರೋಕೇ ಇನ್ನೂ ಎರಡು ವರ್ಷ ಇದೆ, ನೀವು ಏಳನೇದು ಕೇಳ್ತಿದೀರ" ಅಂದ. ಆಮೇಲೆ ಅವನೇ ಹೇಳಿದ, ವಿಂಡೋಸ್ 10ಕ್ಕೆ ಅಕ್ಟೋಬರ್‌ನಲ್ಲಿ ಸಪೋರ್ಟ್ ನಿಂತ ಮೇಲೆ ಟಿ470 ಕೇಳುವವರೇ ಇಲ್ಲವಂತೆ, ಎಲ್ಲರೂ ಟಿ480ವೇ ಕೊಡಿ ಅನ್ನುತ್ತಾರಂತೆ. ಅದೂ ಸರಿಯೇ, ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಯದಕ್ಕೆ ಮಾತ್ರ ಹೆಚ್ಚುಕಡಿಮೆ ವಿಂಡೋಸ್ 11 ಒಪ್ಪುತ್ತದೆ, ಟಿ480 ಸರಿಯಾಗಿ ಆ ಹೊಸ್ತಿಲ ಈಚೆ ನಿಂತಿದೆ.

"ನಿಮ್ದು ಮಾರೋದಿದ್ರೆ ಹೇಳಿ ಸಾರ್, ಒಳ್ಳೆ ರೇಟ್ ಕೊಡ್ತೀನಿ" ಅಂದ. ಬೇಡ ಮಾರಾಯ ಅಂದೆ. 72 ವ್ಯಾಟ್ ಅವರ್‌ನ ಇನ್ನೊಂದು ಬ್ಯಾಟರಿ ಇದ್ದರೆ ಬಸ್ಸಿಗೆ ಹಾಕು ಅಂದೆ. ನಾಡಿದ್ದು ಬೆಳಗ್ಗೆ ಬರುತ್ತದೆ, ಹೊಸ ಬಸ್‌ಸ್ಟ್ಯಾಂಡಿಗೆ ಹೋಗಿ ತರಬೇಕು.